ಓದುಗರ ಸ್ಪಂದನ: ಗಂಗೆ–ತುಳಸಿ ಯಾರ ಕೈಯಿಂದ?

ಕಳೆದ ಸಂಚಿಕೆಯಲ್ಲಿ ಮುಂಬಯಿಯ ಕಲೀನಾದ ಓದುಗಿಯೊಬ್ಬರು ತಮ್ಮ ಸಂಕಟ ಬರೆದುಕೊಂಡಿದ್ದರು. ಅವರು ಮಂಗಳೂರು ಕಡೆಯ ಕ್ಯಾಥೋಲಿಕರು. ಪಕ್ಕದ ಮನೆಯಲ್ಲಿ ಉಡುಪಿ ಕಡೆಯ ಮಾಧ್ವ ಅಜ್ಜಿಯೊಬ್ಬರು ಹಾಸಿಗೆ ಹಿಡಿದಿದ್ದಾರೆ. ಒಬ್ಬನೇ ಮಗ, ವಿದೇಶದಲ್ಲಿದ್ದಾನೆ. ಅಜ್ಜಿ ಒಂದು ದಿನ ಇವರ ಕೈ ಹಿಡಿದು, "ಅವನು ಬರುವುದು ತಡವಾದರೆ ನೀನೇ ನನ್ನ ಬಾಯಿಗೆ ಗಂಗೆ–ತುಳಸಿ ಬಿಡು ಮಗಾ, ಕಿವಿಯಲ್ಲಿ ನಾರಾಯಣ ಅನ್ನು" ಎಂದರು. ಇವರು ಆಗಲಿ ಎಂದರು. ಈಗ ನಾದಿನಿ, "ಇದು ನಮ್ಮ ದೇವರಿಗೆ ಬೆನ್ನು ತೋರಿಸಿದ ಹಾಗೆ" ಎನ್ನುತ್ತಿದ್ದಾರೆ. ಕೊಟ್ಟ ಮಾತು ಉಳಿಸಿಕೊಳ್ಳಲೇ, ಬೇಡವೇ ಎಂಬುದು ಅವರ ಪ್ರಶ್ನೆ. ಬಂದ ಪತ್ರಗಳಲ್ಲಿ ಕೆಲವನ್ನು ಹೆಸರು ಬಿಟ್ಟು ಇಲ್ಲಿ ಕೊಡುತ್ತಿದ್ದೇವೆ. – ಸಂ.

*

ಸಾಯುವವರ ಬಾಯಿಗೆ ಎರಡು ಹನಿ ನೀರು ಬಿಡುವುದಕ್ಕೆ ಪತ್ರಿಕೆಯನ್ನು ಕೇಳಬೇಕೇ? ಆಗಲಿ ಅಂತ ಹೇಳಿ ಆಗಿದೆ. ಮಾಡಿ.

– ಓದುಗ, ಮಾಟುಂಗಾ

*

ಎಲ್ಲರಿಗೂ ಅದು ಅಷ್ಟು ಸುಲಭವಲ್ಲ. ಮೀರಾ ರೋಡಿನ ಈ ಓದುಗಿಯ ಅಳುಕನ್ನೂ ಕೇಳೋಣ. – ಸಂ.

ನಾನೂ ಕ್ಯಾಥೋಲಿಕಳೇ. ನಾದಿನಿಯನ್ನು ಎಲ್ಲರೂ ಬೈಯುತ್ತಾರೆ ಅಂತ ಗೊತ್ತು, ಅದಕ್ಕೇ ಬರೆಯುತ್ತಿದ್ದೇನೆ. ನೀರು ಕೊಡಲಿ, ತುಳಸಿ ಕೊಡಲಿ, ನನ್ನ ತಕರಾರಿಲ್ಲ. ಆದರೆ ಕಿವಿಯಲ್ಲಿ ನಾಮ ಹೇಳುವುದು ಪ್ರಾರ್ಥನೆ. ನಂಬಿಕೆ ಇಲ್ಲದ ಬಾಯಿಂದ ಬಂದ ಪ್ರಾರ್ಥನೆ ನಮ್ಮ ದೇವರಿಗೂ ಸಲ್ಲದು, ಅಜ್ಜಿಯ ದೇವರಿಗೂ ಸಲ್ಲದು. ನನ್ನ ಅಮ್ಮನ ಕೊನೆಗಳಿಗೆಯಲ್ಲಿ ಯಾರಾದರೂ ಸುಮ್ನೆ ಬಾಯಿಮಾತಿಗೆ ತೇರ್ಸ (ನಮ್ಮ ಜಪಮಾಲೆಯ ಪ್ರಾರ್ಥನೆ) ಹೇಳಿದ್ದರೆ ನನಗೆ ಹಿಡಿಸುತ್ತಿರಲಿಲ್ಲ. ನಾಮ ಹೇಳಲು ಅವರವರನ್ನೇ ಕರೆಸಲಿ. ಮುಂಬಯಿಯಲ್ಲಿ ಉಡುಪಿಯವರಿಗೆ ಬರವೇ?

– ಓದುಗಿ, ಮೀರಾ ರೋಡ್

*

ಮನಸ್ಸಿನಿಂದ ಬಂದ ಮಾತು. ವಸಾಯಿಯಿಂದ ಬರೆದಿರುವ ನಿವೃತ್ತ ಕ್ಯಾಥೋಲಿಕ್ ಗುರುಗಳ (ಪಾದ್ರಿಗಳ) ಪತ್ರವನ್ನು ಇದರ ಜೊತೆಗಿಟ್ಟು ಓದಬೇಕು. – ಸಂ.

ನನಗೆ 80 ದಾಟಿದೆ. ನಾನು ಹುಡುಗನಾಗಿದ್ದಾಗ, ಸಾಯುತ್ತಿರುವವರು ಯಾರೇ ಇರಲಿ, ಹಣೆಗೆ ಸದ್ದಿಲ್ಲದೆ ನೀರು ಹಾಕಿ ಜ್ಞಾನಸ್ನಾನ (ಕ್ರೈಸ್ತರಾಗುವ ದೀಕ್ಷೆ) ಕೊಟ್ಟುಬಿಟ್ಟರೆ ಪುಣ್ಯ ಎಂದು ನಂಬಿದ ಒಳ್ಳೆಯ ಜನ ನಮ್ಮೂರಲ್ಲಿದ್ದರು. ಮನಸ್ಸು ಒಳ್ಳೆಯದೇ, ಕೆಲಸ ತಪ್ಪು. ಬೆಳೆದವರಿಗೆ ಅವರು ಬಯಸದೆ ಜ್ಞಾನಸ್ನಾನ ಕೊಡುವಂತಿಲ್ಲ. ಸಾವಿನ ಅಂಚಿನಲ್ಲಿದ್ದವರೂ ಯಾವುದಾದರೊಂದು ರೀತಿಯಲ್ಲಿ ತಮ್ಮ ಇಚ್ಛೆ ತೋರಿಸಿರಬೇಕು. ಇದು ನಮ್ಮ ಕ್ಯಾಥೋಲಿಕ್ ಧರ್ಮಸಭೆಯ 1983ರ ಕಾನೂನಿನ 865ನೇ ವಿಧಿ. ಯಾರನ್ನೂ ಅವರ ಅಂತಃಸಾಕ್ಷಿಗೆ ವಿರುದ್ಧವಾಗಿ ನಮ್ಮ ವಿಶ್ವಾಸಕ್ಕೆ ಎಳೆಯಕೂಡದು ಎಂದು 748ನೇ ವಿಧಿಯಲ್ಲಿದೆ.

ಅದಕ್ಕೂ ಮೊದಲು, 1965ರ ಅಕ್ಟೋಬರ್ 28ರಂದು, ನಮ್ಮ ಬಿಷಪರೆಲ್ಲ ಸೇರಿದ ಎರಡನೇ ವ್ಯಾಟಿಕನ್ ಮಹಾಸಭೆ ‘ನೊಸ್ತ್ರಾ ಎತಾತೆ’ ಎಂಬ ಘೋಷಣೆ ಹೊರಡಿಸಿತು. ಬೇರೆ ಧರ್ಮಗಳಲ್ಲಿ ಸತ್ಯವೂ ಪವಿತ್ರವೂ ಆಗಿರುವ ಯಾವುದನ್ನೂ ಧರ್ಮಸಭೆ ತಳ್ಳಿಹಾಕುವುದಿಲ್ಲ ಎಂದು ಅದು ಹೇಳಿತು. ಆದರೆ ನಡೆದು ತೋರಿಸಿದವರು ಅದಕ್ಕೂ ಮುಂಚೆಯೇ ಇದ್ದರು. ಮದರ್ ತೆರೇಸಾ 1952ರಲ್ಲಿ ಕೋಲ್ಕತ್ತದ ಕಾಳೀಘಾಟಿನಲ್ಲಿ, ಕಾಳಿ ಗುಡಿಯ ಪಕ್ಕದಲ್ಲೇ, ನಿರ್ಮಲ ಹೃದಯ ತೆರೆದರು. ಅಲ್ಲಿ ಸಾಯುವ ಹಿಂದೂಗಳ ತುಟಿಗೆ ಗಂಗಾಜಲ, ಮುಸ್ಲಿಮರಿಗೆ ಕುರಾನಿನ ಮಾತು, ಕ್ಯಾಥೋಲಿಕರಿಗೆ ಪವಿತ್ರ ಎಣ್ಣೆ ಹಚ್ಚುವ ನಮ್ಮ ಸಂಸ್ಕಾರ.

ಕಿವಿಯಲ್ಲಿ ನಾಮ ಹೇಳುವ ಮಾತಿಗೆ ಬರುತ್ತೇನೆ. ನಾವು ಪುರೋಹಿತರಾಗಬೇಕಿಲ್ಲ, ಆಗುವುದೂ ಸಲ್ಲದು. ಆದರೆ ಕಣ್ಣು ಮಂಜಾದವರಿಗೆ ಮಗನ ಪತ್ರ ಓದಿ ಹೇಳುವುದಿಲ್ಲವೇ? ಪತ್ರ ನಮ್ಮದಲ್ಲ, ಬಾಯಿ ಮಾತ್ರ ನಮ್ಮದು. ಅಜ್ಜಿಯ ನಾಲಿಗೆ ಏಳದಿದ್ದಾಗ ಅವರ ಪ್ರಾರ್ಥನೆಯನ್ನು ಅವರಿಗೇ ಕೇಳಿಸಿದರೆ ನೀವು ನಿಮ್ಮ ವಿಶ್ವಾಸ ಬಿಟ್ಟಂತಾಗುವುದಿಲ್ಲ. ಅಷ್ಟಾಗಿಯೂ ಮನಸ್ಸು ಚುಚ್ಚಿದರೆ, ವಿಷ್ಣು ಸಹಸ್ರನಾಮವನ್ನು ಮೊಬೈಲಿನಲ್ಲಿ ಹಾಕಿ ದಿಂಬಿನ ಪಕ್ಕ ಇಡಿ, ಅಜ್ಜಿಯ ಕೈ ಹಿಡಿದುಕೊಂಡು ನಿಮ್ಮ ಪ್ರಾರ್ಥನೆಯನ್ನು ನೀವು ಮನಸ್ಸಿನಲ್ಲೇ ಹೇಳಿಕೊಳ್ಳಿ.

– ನಿವೃತ್ತ ಗುರು, ವಸಾಯಿ

*

ನಾಮದ ಬಗ್ಗೆ ಒಂದೇ ಮಾತು. ಭಾಗವತದ ಅಜಾಮಿಳ ಕೊನೆಗಳಿಗೆಯಲ್ಲಿ ನಾರಾಯಣಾ ಎಂದು ಕೂಗಿದ್ದು ದೇವರನ್ನಲ್ಲ, ತನ್ನ ಮಗನನ್ನು. ಅದಕ್ಕೇ ವಿಷ್ಣುದೂತರು ಓಡಿಬಂದರು. ಯಾವ ಬಾಯಿ ಎಂದು ನಾಮ ನೋಡುವುದಿಲ್ಲ. ಮೀರಾ ರೋಡಿನ ತಂಗಿಯಂಥವರು ಸಮಾಧಾನ ಮಾಡಿಕೊಳ್ಳಲಿ.

– ಹರಿಭಕ್ತ, ಮುಲುಂಡ್

*

ಮಗನ ಫೋನ್ ನಂಬರ್ ಇಲ್ಲವೇ? ಮೊದಲು ಅವನಿಗೆ ಹೇಳಿ. ನಾಳೆ ಬಂದು "ನಮ್ಮ ಅಮ್ಮನ ಬಾಯಿಗೆ ನೀರು ಬಿಡಲು ನೀವು ಯಾರು" ಅಂತ ಕೇಳಿದರೆ ಏನು ಮಾಡುತ್ತೀರಿ?

– ಓದುಗ, ಥಾಣೆ

ಮಗನಿಗೆ ತಿಳಿಸುವುದು ಒಳ್ಳೆಯದೇ. ಮಾತು ತೆಗೆದುಕೊಂಡವರು ಮಾತ್ರ ಅಜ್ಜಿ. – ಸಂ.

*

ಮುಂದಿನದು ಡೊಂಬಿವಲಿಯ ಪತ್ರ. ಉದ್ದವಾಗಿದೆ, ಮೊಟಕು ಮಾಡಲು ಮನಸ್ಸಾಗಲಿಲ್ಲ. – ಸಂ.

ಆ ಪ್ರಶ್ನೆ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅಪ್ಪ ಹೋಗಿ 25 ವರ್ಷದ ಮೇಲಾಯಿತು.

ಅಪ್ಪ ದಾದರಿನ ಹೋಟೆಲೊಂದರಲ್ಲಿ ಗಲ್ಲೆಯಲ್ಲಿ ಕೂತು ಕೂತೇ ಮುದುಕರಾದವರು. ಜೀವನದಲ್ಲಿ ಒಂದೇ ಸಲ ರಜೆ ಹಾಕಿ ಅಮ್ಮನ ಜೊತೆ ಕಾಶಿಗೆ ಹೋದರು. ಬರುವಾಗ ಒಂದು ತಾಮ್ರದ ಗಿಂಡಿ ತಂದರು. ಅಂಗೈಯಲ್ಲಿ ಹಿಡಿಸುವಷ್ಟು, ಒಳಗೆ ಗಂಗೆ, ಬಾಯಿಗೆ ಬೆಸುಗೆ. ದೀಪಾವಳಿಗೊಮ್ಮೆ ಅಮ್ಮ ಅದನ್ನು ಹುಣಸೆಹಣ್ಣು ಹಾಕಿ ತಿಕ್ಕುತ್ತಿದ್ದಳು. "ಇದು ನನಗೆ ಮಾತ್ರ, ನಿಮಗೆ ಬೇಕಾದರೆ ನೀವೇ ಹೋಗಿ ತನ್ನಿ" ಎನ್ನುತ್ತಿದ್ದರು ಅಪ್ಪ. ಅಲ್ಲಾಡಿಸಿದರೆ ಒಳಗಿನ ನೀರು ಕುಲುಕುವುದು ಕೇಳುತ್ತಿತ್ತು. ಚಿಕ್ಕವರಿದ್ದಾಗ ನಾವು ಅದನ್ನು ಕಿವಿಗೆ ಹಿಡಿದು ಆಡುತ್ತಿದ್ದೆವು.

ಆಸ್ಪತ್ರೆಗೆ ಸೇರಿಸಿದಾಗ ಆ ಗಿಂಡಿಯನ್ನು ಟವೆಲಿನಲ್ಲಿ ಸುತ್ತಿ ಚೀಲದಲ್ಲಿಟ್ಟುಕೊಂಡಿದ್ದೆ. ಅಮ್ಮ ಆಗಲೇ ಇರಲಿಲ್ಲ. ಅಣ್ಣ ಊರಿನಿಂದ ಕೊಂಕಣ ರೈಲಿನಲ್ಲಿ ಬರುತ್ತಿದ್ದ. ಮಂಚದ ತಲೆಯ ಕಡೆ ಬೋರ್ಡು ನೇತುಹಾಕಿದ್ದರು, ಬಾಯಿಗೆ ಏನೂ ಕೊಡಬಾರದು ಅಂತ. ರಾತ್ರಿ ಮೂರರ ಹೊತ್ತಿಗೆ ಅಪ್ಪ ತುಟಿ ಅಲ್ಲಾಡಿಸಿದರು. ಕಣ್ಣು ಚೀಲದ ಕಡೆ ಹೋಯಿತು. ಏನು ಕೇಳುತ್ತಿದ್ದಾರೆ ಅಂತ ನನಗೆ ಗೊತ್ತಾಯಿತು.

ನಾನು ಕೊಡಲಿಲ್ಲ. ಬೋರ್ಡಿಗೆ ಹೆದರಿದೆ. ನೀರು ಶ್ವಾಸಕೋಶಕ್ಕೆ ಇಳಿದು ನನ್ನ ಕೈಯಿಂದಲೇ ಏನಾದರೂ ಆದರೆ? ಹತ್ತು ಹೆಜ್ಜೆ ದೂರದಲ್ಲಿ ರಾತ್ರಿ ಪಾಳಿಯ ಸಿಸ್ಟರ್ ಕೂತಿದ್ದರು. ಕೊರಳಲ್ಲಿ ಶಿಲುಬೆ ಇತ್ತು. ಇವರಿಗೆ ಇದೆಲ್ಲ ಎಲ್ಲಿ ಅರ್ಥವಾಗುತ್ತದೆ, ಬೈದಾರು ಅಂದುಕೊಂಡೆ. ಕೇಳಲೇ ಇಲ್ಲ. ನಾಲ್ಕೂಕಾಲಿಗೆ ಅಪ್ಪ ಹೋದರು.

ಸಿಸ್ಟರ್ ಬಂದು ಅಪ್ಪನ ಕಣ್ಣು ಮುಚ್ಚಿದರು. ಆಮೇಲೆ ನನ್ನ ಮಡಿಲಲ್ಲಿದ್ದ ಗಿಂಡಿ ನೋಡಿದರು. ಅವರು ಬೆಳ್ತಂಗಡಿ ಕಡೆಯವರು ಅಂತ ಆಗ ತಿಳಿಯಿತು. "ಇದು ಗಂಗೆ ಅಲ್ವಾ? ನನಗೆ ಒಂದು ಮಾತು ಹೇಳಬಾರದಿತ್ತಾ ಅಕ್ಕ? ಹತ್ತಿಯಲ್ಲಿ ಅದ್ದಿ ತುಟಿ ಒದ್ದೆ ಮಾಡುತ್ತಿದ್ದೆ. ತುಟಿಗೆ ಯಾವ ಬೋರ್ಡೂ ಇಲ್ಲ" ಎಂದರು. ಹಾಗೆ ಹೇಳುತ್ತಾ ಅವರ ಕಣ್ಣಲ್ಲೂ ನೀರು ಬಂತು.

ಹೋದ ಮೇಲೂ ಬಾಯಿಗೆ ಗಂಗೆ ಬಿಡುತ್ತಾರೆ, ಬಿಟ್ಟೆವು. ಆದರೆ ಗಡಿಬಿಡಿಯಲ್ಲಿ ಗಿಂಡಿಯ ಬೆಸುಗೆ ಬಿಡಿಸಲು ಯಾರಿಂದಲೂ ಆಗಲಿಲ್ಲ. ಪಕ್ಕದ ಮನೆಯವರ ಬಾಟಲಿಯ ಗಂಗೆ ತಂದರು. ಅಪ್ಪನ ಗಿಂಡಿ ಇವತ್ತಿಗೂ ನಮ್ಮ ದೇವರ ಕೋಣೆಯಲ್ಲಿ ಹಾಗೇ ಮುಚ್ಚಿದೆ. ಮಕ್ಕಳು ಅಲ್ಲಾಡಿಸಿದರೆ ಬೇಡ ಎನ್ನುತ್ತೇನೆ. ಆ ಸದ್ದು ನನ್ನಿಂದ ಕೇಳಲಾಗುವುದಿಲ್ಲ.

ಕಲೀನಾದ ಅಕ್ಕ, ನಿಮಗೆ ಪಾಪವೋ ಪುಣ್ಯವೋ ಹೇಳುವಷ್ಟು ನಾನು ಓದಿದವಳಲ್ಲ. ಆ ಅಜ್ಜಿ ನಿಮ್ಮನ್ನು ಬಾಯಿ ಬಿಟ್ಟು ಕೇಳಿದರಲ್ಲ, ನಾನು ಆ ಸಿಸ್ಟರನ್ನು ಕೇಳಲಿಲ್ಲ. ಒಂದು ಕೆಲಸ ಮಾಡಿ. ಅವರ ಹತ್ತಿರ ಅಂಥ ಗಿಂಡಿ ಇದ್ದರೆ ಈಗಲೇ ತೆಗೆಸಿ ನೋಡಿ. ಬೆಸುಗೆ ಬೆರಳಿಗೆ ಬಗ್ಗುವುದಿಲ್ಲ. ಒಂದು ಇಕ್ಕಳ ಪಕ್ಕದಲ್ಲೇ ಇಟ್ಟುಕೊಳ್ಳಿ.

– ಓದುಗಿ, ಡೊಂಬಿವಲಿ

*

ನಾನು ನಿವೃತ್ತ ನರ್ಸ್. ಪ್ರಜ್ಞೆ ಮಸುಕಾದವರ ಬಾಯಿಗೆ ಚಮಚದಲ್ಲಿ ನೀರು ಹೊಯ್ಯಬೇಡಿ, ಉಸಿರುಗಟ್ಟುತ್ತದೆ. ಹತ್ತಿ ಅಥವಾ ಶುಭ್ರವಾದ ಬಟ್ಟೆಯ ತುದಿ ಅದ್ದಿ ತುಟಿಗೆ, ಕೆನ್ನೆಯ ಒಳಗೆ ಸವರಿ. ತುಳಸಿಯ ಇಡೀ ಎಲೆ ಗಂಟಲಿಗೆ ಹೋಗದ ಹಾಗೆ ನೋಡಿಕೊಳ್ಳಿ, ನಾಲಿಗೆಗೆ ತಾಗಿಸಿದರೆ ಸಾಕು. ನೋವು ಜಾಸ್ತಿ ಇದ್ದರೆ ಮೊದಲು ಅದಕ್ಕೆ ಔಷಧಿ ಕೊಡಿಸಿ. ನಮ್ಮ ಬಾಂದ್ರಾದಲ್ಲೇ, ಮೌಂಟ್ ಮೇರಿ ಇಗರ್ಜಿಯ ಹತ್ತಿರ, ಶಾಂತಿ ಆವೇದನಾ ಸದನ ಇದೆ. 1986ರಲ್ಲಿ ಶುರುವಾದ ಇದು ದೇಶದ ಮೊದಲ ಹಾಸ್ಪೈಸ್, ಅಂದರೆ ಗುಣವಾಗದವರ ಕೊನೆಗಾಲದ ಆರೈಕೆಯ ಮನೆ. ಕ್ಯಾಥೋಲಿಕ್ ಸಿಸ್ಟರ್‌ಗಳು ಎಲ್ಲ ಧರ್ಮದ ಕ್ಯಾನ್ಸರ್ ರೋಗಿಗಳನ್ನು ಕೊನೆಯವರೆಗೂ ನೋಡಿಕೊಳ್ಳುತ್ತಾರೆ. ಇದೇನು ಹೊಸ ಸಂಗತಿಯಲ್ಲ.

– ಓದುಗಿ, ಬಾಂದ್ರಾ

*

ನನ್ನ ತಾಯಿ ಹುಬ್ಬಳ್ಳಿಯವರು. ಕೊನೆಯ ದಿನ ಆಸ್ಪತ್ರೆಯ ವಾರ್ಡಿನ ನನ್ (ಕ್ರೈಸ್ತ ಸನ್ಯಾಸಿನಿ) ಒಬ್ಬರು ಬಂದು, "ನಿಮ್ಮ ಕಿಬ್ಲಾ ಯಾವ ಕಡೆ?" ಎಂದು ಕೇಳಿದರು. ನಾವು ನಮಾಜಿಗೆ ಮುಖ ಮಾಡುವ ಮಕ್ಕಾದ ದಿಕ್ಕು ಅದು. ನಮ್ಮ ಮುಂಬಯಿಗೆ ಪಶ್ಚಿಮ, ಕಿಟಕಿಯ ಕಡೆ. ಅವರು ವಾರ್ಡ್‌ಬಾಯ್‌ನನ್ನು ಕರೆದು, ಸಲೈನ್ ಸ್ಟ್ಯಾಂಡು ಸರಿಸಿ, ಮಂಚ ತಿರುಗಿಸಿದರು. ನಾನು ಕಿವಿಯ ಹತ್ತಿರ ಮೆಲ್ಲಗೆ ನಮ್ಮ ನಂಬಿಕೆಯ ವಚನ ಕಲಿಮಾ ಹೇಳಿದೆ. ಅದನ್ನು ಒತ್ತಾಯ ಮಾಡಿ ಹೇಳಿಸಬಾರದು, ಪಕ್ಕದಲ್ಲಿ ಹೇಳಿ ನೆನಪಿಸಬೇಕು ಅಷ್ಟೇ. ಆ ನನ್ ಪರದೆ ಎಳೆದು, ಹೊರಗೆ ನಿಂತು, ಯಾರನ್ನೂ ಒಳಗೆ ಬಿಡಲಿಲ್ಲ. ಅವರಿಗಾಗಿ ನಾನು ಇವತ್ತಿಗೂ ದುವಾ ಮಾಡುತ್ತೇನೆ.

– ಓದುಗ, ಕುರ್ಲಾ

*

ಪುಣೆಯ ಓದುಗರು ಕೇಳಿದ ಪ್ರಶ್ನೆಯಿಂದ ಸ್ವಲ್ಪ ದೂರ ಹೋಗಿದ್ದಾರೆ. ಆದರೂ ರೋಗಿಗಳನ್ನು ನೋಡಿಕೊಳ್ಳುವವರು ಇದನ್ನು ಓದಲಿ ಎಂದು ಕೊಡುತ್ತಿದ್ದೇವೆ. – ಸಂ.

ನಾವು ಲಿಂಗಾಯತರು. ನಮ್ಮ ದೊಡ್ಡಪ್ಪನ ಕೊರಳಲ್ಲಿದ್ದ ಬೆಳ್ಳಿಯ ಕರಡಿಗೆಯನ್ನು ಆಸ್ಪತ್ರೆಯವರು ಒಡವೆ ಅಂತ ತಿಳಿದು ಶಿವದಾರ ಕತ್ತರಿಸಿ ತೆಗೆದರು. ಉಂಗುರದ ಜೊತೆ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಸಹಿ ಮಾಡಿಸಿಕೊಂಡರು. ಅದರೊಳಗೆ ಇಷ್ಟಲಿಂಗ ಇರುತ್ತದೆ. ಅದು ಬದುಕಿರುವಷ್ಟು ಕಾಲ ಮೈಮೇಲಿರಬೇಕು, ಮಣ್ಣು ಮಾಡುವಾಗ ಎಡ ಅಂಗೈಯಲ್ಲಿರಬೇಕು. ದೊಡ್ಡಪ್ಪ ಎರಡು ದಿನ ಎದೆ ತಡಕುತ್ತಲೇ ಇದ್ದರು. ಕೆಟ್ಟ ಮನಸ್ಸಿನಿಂದ ಯಾರೂ ಮಾಡಿದ್ದಲ್ಲ. ಗೊತ್ತಿರಲಿಲ್ಲ, ಕೇಳಲೂ ಇಲ್ಲ. ದಯವಿಟ್ಟು ಕೇಳಿ.

– ಓದುಗ, ಪುಣೆ

*

ನಮ್ಮ ಮಡಗಾಂವಿನಲ್ಲಿ ಪಕ್ಕದ ಕ್ಯಾಥೋಲಿಕ್ ಅಜ್ಜನಿಗೆ ನಡುರಾತ್ರಿ ಮಳೆಯಲ್ಲಿ ಪಾದ್ರಿಗಳನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಬಂದವನು ನಾನು. ನಾನು ಹಿಂದೂ. ನನ್ನ ಧರ್ಮ ಎಲ್ಲಿಗೂ ಹೋಗಲಿಲ್ಲ.

– ಓದುಗ, ಮಡಗಾಂವ್

*

ಕಲೀನಾದ ಓದುಗಿ ಮೊನ್ನೆ ಫೋನ್ ಮಾಡಿದ್ದರು. ಅಜ್ಜಿ ಇದ್ದಾರೆ, ದಿನಕ್ಕೆರಡು ಸಲ ಗಂಜಿ ಕುಡಿಯುತ್ತಿದ್ದಾರೆ. ಡೊಂಬಿವಲಿಯ ಪತ್ರವನ್ನು ಅವರಿಗೆ ಫೋನಿನಲ್ಲೇ ಓದಿ ಹೇಳಿದೆವು. ಸ್ವಲ್ಪ ಹೊತ್ತು ಮಾತಾಡಲಿಲ್ಲ. ಮರುದಿನ ಮತ್ತೆ ಫೋನ್ ಬಂತು. ಅಜ್ಜಿಯ ಟ್ರಂಕಿನಲ್ಲೂ ಒಂದು ಗಿಂಡಿ ಇದೆಯಂತೆ. ಇಕ್ಕಳ ಹುಡುಕಿ ತಂದುಕೊಟ್ಟವರು ನಾದಿನಿಯಂತೆ. – ಸಂ.