55 ಇಂಚಾ 65 ಇಂಚಾ? ಪಿಎಸ್5 ಗೆ ಹೊಸ ಟಿವಿ ಬೇಕು, ಹಗಲೆಲ್ಲ ಅಪ್ಪ ನ್ಯೂಸ್ ನೋಡ್ತಾರೆ

ತುಂಗಾತೀರ_ಪ್ಲೇಯರ್:

ಎಲ್ಲರಿಗೂ ನಮಸ್ಕಾರ, ಶಿವಮೊಗ್ಗದಿಂದ ಬರೀತಿದೀನಿ. ನಮ್ಮನೆ 32 ಇಂಚಿನ ಟಿವಿಗೆ ಹನ್ನೊಂದು ವರ್ಷ ಆಯ್ತು, ಈಗ ಎಡಗಡೆ ಮೂಲೇಲಿ ಕಪ್ಪು ನೆರಳು ಬಂದಿದೆ, ಬದಲಾಯಿಸ್ಲೇಬೇಕು. ನಾನು ಹೋದ ವರ್ಷ ಪಿಎಸ್5 (ಟಿವಿಗೆ ಹಾಕಿ ಆಡೋ ಗೇಮ್ ಮಷೀನು) ತಗೊಂಡೆ, ಅದನ್ನ ಈ ಹಳೇ ಟಿವಿಗೇ ಹಾಕಿ ಆಡ್ತಿದೀನಿ, ಫುಟ್‌ಬಾಲ್ ಆಟದಲ್ಲಿ ಬಟನ್ ಒತ್ತಿ ಆದ್ಮೇಲೆ ಒಂದು ಚೂರು ತಡವಾಗಿ ಪಾಸ್ ಹೋಗುತ್ತೆ, ಅಷ್ಟರಲ್ಲಿ ಎದುರಾಳಿ ಬಾಲ್ ಕಿತ್ಕೊಂಡಿರ್ತಾನೆ.

ಬಜೆಟ್ 90 ಸಾವಿರ, ತುಂಬಾ ಚೆನ್ನಾಗಿದೆ ಅಂದ್ರೆ ಇನ್ನೊಂದು ಐದು ಸಾವಿರ ಎಳೀಬಹುದು. 2025ರ ಸೆಪ್ಟೆಂಬರ್ 22 ರಿಂದ ದೊಡ್ಡ ಟಿವಿಗಳ ಜಿಎಸ್‌ಟಿ 28 ರಿಂದ 18 ಪರ್ಸೆಂಟ್‌ಗೆ ಇಳಿದ ಮೇಲೆ 65 ಇಂಚು ಕೂಡ ಕೈಗೆ ಸಿಗೋ ಹಾಗಿದೆ ಅಂತ ಈಗ ಆಸೆ ಹುಟ್ಟಿದೆ. ಹಾಲ್ 12 ಅಡಿಗೆ 14 ಅಡಿ, ಸೋಫಾದಿಂದ ಗೋಡೆಗೆ ಟೇಪ್ ಹಿಡಿದು ನೋಡಿದೆ, ಸರಿಯಾಗಿ ಹತ್ತಡಿ ಇದೆ. ಪಶ್ಚಿಮಕ್ಕೆ ದೊಡ್ಡ ಕಿಟಕಿ ಇದೆ, ಸಂಜೆ ನಾಲ್ಕರ ಮೇಲೆ ಬಿಸಿಲು ನೇರ ಟಿವಿ ಗೋಡೆಗೆ ಬೀಳುತ್ತೆ.

ಟಿವಿ ನನ್ನೊಬ್ಬನದಲ್ಲ. ಅಪ್ಪ ರಿಟೈರ್ ಆಗಿದಾರೆ, ಬೆಳಿಗ್ಗೆ ಕಾಫಿಯಿಂದ ಹಿಡಿದು ಮಧ್ಯಾಹ್ನದವರೆಗೆ ನ್ಯೂಸ್, ಸಂಜೆ ಅಮ್ಮಂಗೆ ಸೀರಿಯಲ್, ರಾತ್ರಿ ಹತ್ತರ ಮೇಲೆ ನಂಗೆ ಗೇಮು, ಭಾನುವಾರ ಎಲ್ಲರೂ ಕೂತು ಕ್ರಿಕೆಟ್ಟೋ ಸಿನಿಮಾನೋ. ಅಂಗಡಿಯವರು ಒಎಲ್‌ಇಡಿ ತಗೊಳ್ಳಿ ಸರ್ ಅಂತ ಒಂದೇ ಸಮ ಹೇಳ್ತಿದಾರೆ, 55 ಇಂಚಿನ ಒಂದು ಹಳೇ ಮಾಡೆಲ್ ಬಜೆಟ್ ಒಳಗೇ ಕೊಡ್ತಾರಂತೆ. ಅದೇ ದುಡ್ಡಿಗೆ ಮಿನಿ ಎಲ್‌ಇಡಿ 65 ಇಂಚು ಬರುತ್ತೆ. ಯಾವುದು ತಗೊಳ್ಳಲಿ? ಅನುಭವ ಇರೋರು ದಯವಿಟ್ಟು ಹೇಳಿ.

ಜಯನಗರ_4ಕೆ:

ಗುರು, ಮೊದಲು ಟಿವಿ ಹೆಸರು ಬಿಡು, ಅದರ ಹಿಂದಿರೋ ಪೋರ್ಟ್ ಮತ್ತೆ ಒಳಗಿರೋ ಪ್ಯಾನೆಲ್ ನೋಡು. ಪಿಎಸ್5 4ಕೆ ನಲ್ಲಿ ಸೆಕೆಂಡಿಗೆ 120 ಫ್ರೇಮ್ ವರೆಗೂ ಕಳಿಸುತ್ತೆ, ಅದನ್ನ ತಗೊಳ್ಳೋಕೆ ಎಚ್‌ಡಿಎಂಐ 2.1 ಪೋರ್ಟ್ ಬೇಕು, ಹಳೇ 2.0 ಪೋರ್ಟ್ ಆದ್ರೆ 4ಕೆ 60 ಕ್ಕೇ ನಿಂತುಬಿಡುತ್ತೆ. ಆದ್ರೆ ಬಾಕ್ಸ್ ಮೇಲೆ ಎಚ್‌ಡಿಎಂಐ 2.1 ಅಂತ ಬರೆದಿದ್ರೆ ಸಾಕು ಅಂದ್ಕೋಬೇಡ, ವಿಆರ್‌ಆರ್ (ಗೇಮ್ ಫ್ರೇಮ್ ವೇಗಕ್ಕೆ ಪರದೆ ಹೊಂದಿಕೊಳ್ಳೋದು), ಎಎಲ್‌ಎಲ್‌ಎಂ (ತಾನೇ ಗೇಮ್ ಮೋಡಿಗೆ ಹೋಗೋದು) ಮಾತ್ರ ಇಟ್ಟುಕೊಂಡು 60 ಹರ್ಟ್ಜ್ (ಸೆಕೆಂಡಿಗೆ 60 ಸಲ ಚಿತ್ರ ಬದಲಾಯಿಸೋ) ಪ್ಯಾನೆಲ್‌ಗೂ 2.1 ಅಂತ ಹಾಕಿರ್ತಾರೆ. "4ಕೆ 120 ಹರ್ಟ್ಜ್ ಇನ್‌ಪುಟ್ ತಗೊಳ್ಳುತ್ತಾ" ಅಂತ ಅದೇ ಮಾತಲ್ಲಿ ಕೇಳು.

ಇನ್ನೊಂದು ಮೋಸ ಆಗೋ ಜಾಗ ಅಂದ್ರೆ "ಮೋಷನ್ 120", "ಮೋಷನ್ 240" ಅಂತ ಬರೆದಿರೋ ನಂಬರ್‌ಗಳು. ಅದು ಪ್ಯಾನೆಲ್‌ನ ವೇಗ ಅಲ್ಲ, ಮಧ್ಯೆ ಸುಳ್ಳು ಫ್ರೇಮ್ ಸೇರಿಸೋ ಲೆಕ್ಕ. ಹಾಗೇ ಡಿಎಲ್‌ಜಿ ಅಂತ ಒಂದಿದೆ, 60 ಹರ್ಟ್ಜ್ ಪ್ಯಾನೆಲ್‌ನೇ ರೆಸಲ್ಯೂಷನ್ ಕಮ್ಮಿ ಮಾಡಿ 120 ಓಡಿಸ್ತಾರೆ, ಸ್ಪೆಕ್ ಶೀಟಲ್ಲಿ 120 ಅಂತ ಕಾಣುತ್ತೆ, ಚಿತ್ರ ಮಾತ್ರ ಸ್ವಲ್ಪ ಮಸುಕು. "ನೇಟಿವ್ ರಿಫ್ರೆಶ್ ರೇಟ್" ಅನ್ನೋ ಸಾಲು ಹುಡುಕು, ಅಲ್ಲಿ 120 ಅಥವಾ 144 ಇರಬೇಕು.

ನಿನ್ನ ಪಾಸ್ ತಡ ಆಗೋದಕ್ಕೆ ಕಾರಣ ಇನ್‌ಪುಟ್ ಲ್ಯಾಗ್. ಟಿವಿ ಚಿತ್ರಾನ ಚೆಂದ ಮಾಡೋಕೆ ಅಂತ ಒಳಗೆ ಏನೇನೋ ಕೆಲಸ ಮಾಡುತ್ತೆ, ಅಷ್ಟು ಹೊತ್ತು ಫ್ರೇಮ್ ಅಲ್ಲೇ ಕಾಯ್ತಾ ಇರುತ್ತೆ. ಸಿನಿಮಾ ಮೋಡಲ್ಲಿ ಕೆಲವು ಟಿವಿಗಳಲ್ಲಿ 100 ಮಿಲಿಸೆಕೆಂಡ್ ದಾಟುತ್ತೆ, ಗೇಮ್ ಮೋಡಲ್ಲಿ ಅದೇ ಟಿವಿ 10-15 ಕ್ಕೆ ಇಳಿಯುತ್ತೆ. ಹಳೇ ಟಿವಿಲೂ ಸೆಟ್ಟಿಂಗ್‌ನಲ್ಲಿ ಗೇಮ್ ಮೋಡ್ ಇದ್ರೆ ಇವತ್ತೇ ಹಾಕಿ ನೋಡು. ಹೊಸದರಲ್ಲಿ ಎಎಲ್‌ಎಲ್‌ಎಂ ಇದ್ರೆ ಪಿಎಸ್5 ಆನ್ ಮಾಡಿದ ತಕ್ಷಣ ತಾನೇ ಗೇಮ್ ಮೋಡಿಗೆ ಹೋಗುತ್ತೆ, ಅಪ್ಪ ಡಿಟಿಎಚ್ ಹಾಕಿದಾಗ ತಾನೇ ವಾಪಸ್ ಬರುತ್ತೆ, ಮನೆಯವರಿಗೆ ರಿಮೋಟ್ ಪಾಠ ಮಾಡೋ ಕೆಲಸ ಇಲ್ಲ.

ಡಾಲ್ಬಿ ವಿಷನ್ (ಬೆಳಕು, ಬಣ್ಣ ಚೆನ್ನಾಗಿ ತೋರಿಸೋ ಒಂದು ಎಚ್‌ಡಿಆರ್ ಫಾರ್ಮ್ಯಾಟ್) ಇಲ್ಲ ಅಂತ ಗೇಮಿಂಗ್‌ಗೆ ತಲೆ ಕೆಡಿಸ್ಕೋಬೇಡ, ಪಿಎಸ್5 ಗೇಮ್‌ಗಳು ಎಚ್‌ಡಿಆರ್10 ಅನ್ನೋ ಇನ್ನೊಂದು ಫಾರ್ಮ್ಯಾಟಲ್ಲೇ ಬರೋದು. ಒಟಿಟಿಗೆ ಮಾತ್ರ ಅದು ಇದ್ರೆ ಒಳ್ಳೇದು.

ಉಣಕಲ್_ಕೆರಿ:

ಅಣ್ಣಾರ, ನಮ್ಮ ಮನ್ಯಾಗ ಎರಡು ವರ್ಷದಿಂದ 55 ಇಂಚು ಒಎಲ್‌ಇಡಿ ಐತ್ರಿ. ಅದನ್ನ ನೋಡಿದ ಮ್ಯಾಲೆ ಬ್ಯಾರೆ ಟಿವಿ ನೋಡಾಕ ಮನಸ್ಸ ಬರಂಗಿಲ್ಲ, ಇದ್ದದ್ದ ಹೇಳ್ತೀನಿ. ರಾತ್ರಿ ಲೈಟ್ ಆರಿಸಿ ಆಟ ಹಚ್ಚಿದ್ರ, ಗುಹೆ ಒಳಗ ಪಂಜು ಹಿಡ್ಕೊಂಡು ಹೊಂಟಿರೋ ಸೀನ್ ಬಂತಂದ್ರ, ಪಂಜಿನ ಸುತ್ತ ಅಷ್ಟ ಬೆಳಕು, ಉಳಿದಿದ್ದೆಲ್ಲ ಗೋಡಿ ಕತ್ತಲಿ ಜೋಡಿ ಕೂಡಿಬಿಡ್ತೈತಿ, ಟಿವಿ ಅಂಚು ಎಲ್ಲಿ ಮುಗೀತು ಅಂತ ಗೊತ್ತ ಆಗಂಗಿಲ್ಲ. ಯಾಕಂದ್ರ ಅದರಾಗ ಹಿಂದ ಬ್ಯಾಕ್‌ಲೈಟ್ ಇಲ್ಲ, ಪ್ರತಿ ಪಿಕ್ಸೆಲ್ ತಾನ ಹತ್ತತೈತಿ ತಾನ ಆರತೈತಿ. ಮಿನಿ ಎಲ್‌ಇಡಿ ಒಳಗ ಹಿಂದ ಸಣ್ಣ ಸಣ್ಣ ಬಲ್ಬಿನ ಗುಂಪು ಇರ್ತಾವ, ಕರೀ ಪರದೆ ಮ್ಯಾಲೆ ಬಿಳಿ ಸಬ್‌ಟೈಟಲ್ ಬಂದ್ರ ಅಕ್ಷರದ ಸುತ್ತ ಮಂಜು ಕವಿದಂಗ ಕಾಣ್ತೈತಿ.

ಕ್ರಿಕೆಟ್ಟಿಗೂ ಭಾಳ ಚಲೋ ಐತ್ರಿ, ಫಾಸ್ಟ್ ಬೌಲರ್ ಚೆಂಡು ಬಿಟ್ಟಾಗ ಹಿಂದ ಬಾಲ ಎಳದಂಗ ಕಾಣಂಗಿಲ್ಲ. ಸೈಜ್ ಹತ್ತು ಇಂಚು ಸಣ್ಣದಾದ್ರೂ ಅಡ್ಡಿ ಇಲ್ಲ, ಚಿತ್ರ ನೋಡ್ರಿ. ನನ್ನ ವೋಟು ಒಎಲ್‌ಇಡಿಗೇ.

ಪ್ಯಾನೆಲ್_ಮೇಷ್ಟ್ರು:

ಮೈಸೂರಲ್ಲಿ ಇಪ್ಪತ್ತು ವರ್ಷದಿಂದ ಟಿವಿ ರಿಪೇರಿ ಮಾಡ್ತಿದೀನಿ, ಟ್ಯೂಬ್ ಟಿವಿ ಕಾಲದಿಂದಲೂ. ಹುಬ್ಬಳ್ಳಿ ಸೋದರರು ಹೇಳಿದ್ದು ನೂರಕ್ಕೆ ನೂರು ನಿಜ, ಕತ್ತಲಲ್ಲಿ ಒಎಲ್‌ಇಡಿ ಮುಂದೆ ಯಾವುದೂ ನಿಲ್ಲಲ್ಲ. ಆದ್ರೂ ನಿಮ್ಮನೆಗೆ ಬೇಡ ಅಂತೀನಿ, ಯಾಕೆ ಅಂತ ಹೇಳ್ತೀನಿ ಕೇಳಿ.

ಕಳೆದ ವರ್ಷ ಒಬ್ಬರು ಹಿರಿಯರ ಮನೆಗೆ ಹೋಗಿದ್ದೆ, "ಟಿವಿ ಕೆಳಗಡೆ ಏನೋ ಕೊಳೆ ಅಂಟಿದೆ, ಒರೆಸಿದ್ರೆ ಹೋಗ್ತಿಲ್ಲ" ಅಂತ ಫೋನ್ ಮಾಡಿದ್ರು. ಪೆನ್‌ಡ್ರೈವಲ್ಲಿ ಬರೀ ಬೂದು ಬಣ್ಣದ ಒಂದು ಚಿತ್ರ ಹಾಕಿ ತೋರಿಸಿದೆ. ಕೆಳಗೆ ಉದ್ದಕ್ಕೂ ಒಂದು ಪಟ್ಟಿ, ಬಲಗಡೆ ಮೇಲೆ ಚಾನೆಲ್ ಲೋಗೋದ ದುಂಡನೆ ಗುರುತು, ಅದರ ಕೆಳಗೆ ಟೈಮ್ ತೋರಿಸೋ ಚೌಕ. ದಿನಾ ಏಳೆಂಟು ಗಂಟೆ ಒಂದೇ ನ್ಯೂಸ್ ಚಾನೆಲ್, ಕೆಂಪು ಪಟ್ಟಿ, ಅದರ ಮೇಲೆ ಬ್ರೇಕಿಂಗ್ ನ್ಯೂಸ್, ಎರಡು ವರ್ಷದಲ್ಲಿ ಆ ಜಾಗದ ಪಿಕ್ಸೆಲ್‌ಗಳು ಉಳಿದವಕ್ಕಿಂತ ಹೆಚ್ಚು ಸವೆದುಹೋಗಿದ್ವು. ಇದಕ್ಕೆ ಬರ್ನ್ ಇನ್ ಅಂತಾರೆ. ರಿಪೇರಿ ಅಂದ್ರೆ ಪ್ಯಾನೆಲ್ ಬದಲಾಯಿಸೋದೇ, ಬಹಳಷ್ಟು ವಾರಂಟಿ ಕಾರ್ಡಲ್ಲಿ ಇದು ಸೇರಲ್ಲ ಅಂತ ಚಿಕ್ಕ ಅಕ್ಷರದಲ್ಲಿ ಬರೆದೇ ಇರುತ್ತೆ. ಆ ಹಿರಿಯರ ಮುಖ ನೋಡಿ ನಂಗೇ ಬೇಜಾರಾಯ್ತು, ಮಗ ಮೊದಲ ಸಂಬಳದ ಉಳಿತಾಯದಲ್ಲಿ ಕೊಡಿಸಿದ್ದಂತೆ.

ಇನ್ನೊಂದು ವಿಷಯ ಅಂಗಡೀಲಿ ಯಾರೂ ಹೇಳಲ್ಲ. ಒಎಲ್‌ಇಡಿ ಟಿವಿ ರಿಮೋಟಲ್ಲಿ ಆಫ್ ಮಾಡಿದ್ಮೇಲೆ ಸ್ಟ್ಯಾಂಡ್‌ಬೈನಲ್ಲಿ ಇದ್ದಾಗ ಒಳಗೇ ಪಿಕ್ಸೆಲ್‌ಗಳನ್ನ ಸರಿಮಾಡ್ಕೊಳ್ಳೋ ಕೆಲಸ ಮಾಡುತ್ತೆ, ಕೆಲವು ಗಂಟೆ ಓಡಿದ್ಮೇಲೆ ಒಂದ್ಸಲ. ನಮ್ಮ ಮನೆಗಳಲ್ಲಿ ಏನ್ಮಾಡ್ತೀವಿ, ರಾತ್ರಿ ಮಲಗೋ ಮುಂಚೆ ಹಿರಿಯರು ಒಂದು ರೌಂಡ್ ಬಂದು ಎಲ್ಲ ಸ್ವಿಚ್ ಆಫ್ ಮಾಡಿಬಿಡ್ತಾರೆ, ಗೋಡೆ ಸ್ವಿಚ್ಚೇ. ಕರೆಂಟೇ ಇಲ್ಲ ಅಂದ್ಮೇಲೆ ಅದು ಸರಿಮಾಡ್ಕೊಳ್ಳೋದು ಹೇಗೆ? ನಾನು ನೋಡಿದ ಗುರುತು ಬಿದ್ದ ಸೆಟ್‌ಗಳಲ್ಲಿ ಅರ್ಧಕ್ಕರ್ಧ ಈ ಅಭ್ಯಾಸ ಇದ್ದ ಮನೇವೇ.

ನಿಮ್ಮ ಕಿಟಕಿ ಪಶ್ಚಿಮಕ್ಕೆ ಅಂದ್ರಿ, ಸಂಜೆ ಬಿಸಿಲಲ್ಲಿ ಮಿನಿ ಎಲ್‌ಇಡಿಯ ಪ್ರಕಾಶವೇ ಕೆಲಸಕ್ಕೆ ಬರೋದು. ಆದ್ದರಿಂದ 65 ಮಿನಿ ಎಲ್‌ಇಡಿ, ನೇಟಿವ್ 120, ಅಷ್ಟೆ. ಲೋಕಲ್ ಡಿಮ್ಮಿಂಗ್ ಜೋನ್‌ಗಳು (ಬೇರೆ ಬೇರೆಯಾಗಿ ಬೆಳಕು ಕಮ್ಮಿ ಜಾಸ್ತಿ ಮಾಡೋ ಬಲ್ಬಿನ ಗುಂಪುಗಳು) ಎಷ್ಟಿವೆ ಅಂತ ಕೇಳಿ, ಜಾಸ್ತಿ ಇದ್ದಷ್ಟೂ ಆ ಮಂಜು ಕಮ್ಮಿ. ಒಂದೇ ಒಂದು ಪ್ರಶ್ನೆ ನಿಮಗೆ: ಅಮ್ಮ ಸೀರಿಯಲ್ ಎಲ್ಲಿಂದ ನೋಡ್ತಾರೆ?

ತುಂಗಾತೀರ_ಪ್ಲೇಯರ್:

ಮೇಷ್ಟ್ರೇ, ನೀವು ಹೇಳಿದ್ದು ಓದಿ ಗೋಡೆ ಸ್ವಿಚ್ ಕಡೆ ನೋಡಿದೆ, ನಮ್ಮಪ್ಪಾನೂ ದಿನಾ ರಾತ್ರಿ ಅದನ್ನೇ ಮಾಡೋದು, ನಂಗೆ ಇದು ಹೊಳೆದೇ ಇರ್ಲಿಲ್ಲ. ಅಮ್ಮ ಅರ್ಧ ಸೀರಿಯಲ್ ಅಡುಗೆಮನೆ ಬಾಗಿಲಲ್ಲಿ ನಿಂತ್ಕೊಂಡೇ ನೋಡ್ತಾರೆ, ಚಪಾತಿ ಬೇಯಿಸ್ತಾ. ಅಲ್ಲಿಂದ ಟಿವಿ ಸಾಕಷ್ಟು ಓರೆಗೆ ಕಾಣುತ್ತೆ.

ಪ್ಯಾನೆಲ್_ಮೇಷ್ಟ್ರು:

ಅದಕ್ಕೇ ಕೇಳಿದ್ದು. ಮಿನಿ ಎಲ್‌ಇಡಿಯೂ ಒಳಗೆ ಎಲ್‌ಸಿಡಿನೇ, ಎಲ್‌ಸಿಡಿಯಲ್ಲಿ ವಿಎ ಪ್ಯಾನೆಲ್, ಐಪಿಎಸ್ ಪ್ಯಾನೆಲ್ ಅಂತ ಎರಡು ಬಗೆ. ವಿಎ ನಲ್ಲಿ ಕಪ್ಪು ಚೆನ್ನಾಗಿರುತ್ತೆ, ಓರೆಯಿಂದ ನೋಡಿದ್ರೆ ಬಣ್ಣ ತೊಳೆದ ಹಾಗೆ ಆಗುತ್ತೆ. ಐಪಿಎಸ್ ಓರೆಯಿಂದ ಪರವಾಗಿಲ್ಲ, ಕತ್ತಲಲ್ಲಿ ಕಪ್ಪು ಬೂದಿ ಹಾಗೆ ಕಾಣುತ್ತೆ. ನೀವು ರಾತ್ರಿ ಆಡೋರು, ವಿಎ ತಗೊಳ್ಳಿ, ಗೋಡೆಗೆ ಹಾಕುವಾಗ ತಿರುಗಿಸೋ ಬ್ರಾಕೆಟ್ ಹಾಕಿಸಿ, ಸಂಜೆ ಟಿವಿನೇ ಅಮ್ಮನ ಕಡೆ ತಿರುಗಿಸಿದ್ರಾಯ್ತು. 65 ಇಂಚಿನ ತೂಕ ತಡೆಯೋ ಬ್ರಾಕೆಟ್ಟೇ ಆಗಬೇಕು, ಗೋಡೆ ಗಟ್ಟಿ ಇದೆಯಾ ನೋಡ್ಕೊಳ್ಳಿ. ತುಂಬಾ ಮೇಲೆ ಹಾಕಿಸ್ಬೇಡಿ, ಸೋಫಾದಲ್ಲಿ ಕೂತಾಗ ಕಣ್ಣಿನ ಮಟ್ಟಕ್ಕೆ ಪರದೆಯ ಮಧ್ಯಭಾಗ ಬರಲಿ, ಫೋಟೋ ತೂಗುಹಾಕೋ ಎತ್ತರಕ್ಕೆ ಹಾಕಿದ್ರೆ ಕುತ್ತಿಗೆ ನೋವು ಖಂಡಿತ.

ಕರಾವಳಿ_ಸ್ಕ್ರೀನ್:

ಮಾರಾಯ್ರೆ, ಎಲ್ಲರೂ ಗೇಮ್ ಬಗ್ಗೆ ಹೇಳಿದ್ರಿ, ಉಳಿದ ಹೊತ್ತು ನೋಡುವುದರ ಬಗ್ಗೆ ನಾನು ಸ್ವಲ್ಪ ಹೇಳ್ತೇನೆ ಆಯ್ತಾ. ನಾವು ಮಂಗಳೂರಲ್ಲಿ 65 ಇಂಚು ತಂದ ಮೊದಲ ದಿನ ಅತ್ತೆಯವರು ಹೇಳಿದ್ದು "ಹಳೇ ಟಿವಿಯೇ ಚಂದ ಇತ್ತು" ಅಂತ. ಯಾಕೆ ನೋಡಿದ್ರೆ ಡಿಟಿಎಚ್ ಪ್ಯಾಕ್ ಎಸ್‌ಡಿ. ಎಸ್‌ಡಿ ಚಿತ್ರದಲ್ಲಿ ನಾಲ್ಕು ಲಕ್ಷ ಚಿಲ್ಲರೆ ಚುಕ್ಕೆ ಇರುವುದು, 4ಕೆ ಪರದೆಯಲ್ಲಿ ಸುಮಾರು 83 ಲಕ್ಷ, ಒಂದೊಂದು ಚುಕ್ಕೆಯನ್ನು ಇಪ್ಪತ್ತಾಗಿ ಹಿಗ್ಗಿಸಬೇಕು, ಮತ್ತೆ ಮುಖ ಎಲ್ಲ ಮೇಣ ಹಚ್ಚಿದ ಹಾಗೆ ಕಾಣದೆ ಇನ್ನೇನು? ಅದಕ್ಕೆ ಟಿವಿಯ ದುಡ್ಡಿನ ಜೊತೆಗೇ ಎಚ್‌ಡಿ ಸೆಟ್‌ಟಾಪ್ ಬಾಕ್ಸ್, ಅಮ್ಮ ನೋಡುವ ಚಾನೆಲ್‌ಗಳ ಎಚ್‌ಡಿ, ಇವಿಷ್ಟನ್ನು ಲೆಕ್ಕ ಹಾಕಿ. ಕಲರ್ಸ್ ಕನ್ನಡ, ಸ್ಟಾರ್ ಸುವರ್ಣ ಎರಡೂ ಎಚ್‌ಡಿಯಲ್ಲಿ ಉಂಟು. ಬದಲಾಯಿಸಿದ ಮೇಲೆ ಅತ್ತೆ ಸೀರೆಯ ಜರಿಯ ಡಿಸೈನ್ ಸಹ ಹೇಳ್ತಾರೆ ಈಗ.

ನೆಟ್‌ಫ್ಲಿಕ್ಸಲ್ಲಿ 4ಕೆ ಬೇಕಾದ್ರೆ ಪ್ರೀಮಿಯಂ ಪ್ಲ್ಯಾನೇ ಆಗಬೇಕು, ಕೆಳಗಿನ ಪ್ಲ್ಯಾನಲ್ಲಿ ಎಷ್ಟು ದೊಡ್ಡ ಟಿವಿ ಇದ್ರೂ ಬರುವುದಿಲ್ಲ. ಇಂಟರ್ನೆಟ್ 15 ಎಂಬಿಪಿಎಸ್ ಆದ್ರೂ ಟಿವಿಗೆ ಮುಟ್ಟಬೇಕು, ರೂಟರ್ ಬೇರೆ ಕೋಣೆಯಲ್ಲಿ ಇದ್ರೆ ಕೇಬಲ್ ಎಳೆಯಿರಿ.

ಮತ್ತೆ ಸಿಡಿಲು. ನಿಮ್ಮದು ಮಲೆನಾಡಿನ ಬಾಗಿಲು, ಏಪ್ರಿಲ್ ಮೇ ತಿಂಗಳ ಮಳೆಗೆ ಸಿಡಿಲು ಎಂಥದ್ದು ಅಂತ ನಾನು ಹೇಳಬೇಕಿಲ್ಲ. ನಮ್ಮ ಪಕ್ಕದ ಮನೆಯಲ್ಲಿ ಪ್ಲಗ್ ತೆಗೆದಿದ್ರು, ಡಿಶ್ಶಿನ ವಯರ್ ತೆಗೆಯಲಿಲ್ಲ, ಆ ವಯರಿನಲ್ಲೇ ಬಂದು ಸೆಟ್‌ಟಾಪ್ ಬಾಕ್ಸ್, ಅಲ್ಲಿಂದ ಎಚ್‌ಡಿಎಂಐ ಹಿಡಿದು ಟಿವಿಯ ಮದರ್‌ಬೋರ್ಡ್ ಎರಡೂ ಸುಟ್ಟುಹೋಯ್ತು. ಗುಡುಗು ಶುರುವಾದ ಕೂಡಲೇ ಕರೆಂಟ್ ಪ್ಲಗ್, ಡಿಶ್ ವಯರ್, ಇಂಟರ್ನೆಟ್ ವಯರ್ ಮೂರನ್ನೂ ತೆಗೀರಿ. ಪಿಎಸ್5 ಸಹ ಅದೇ ಸಾಲಿನಲ್ಲಿ ಇರುವುದಲ್ವಾ.

ಉಣಕಲ್_ಕೆರಿ:

ಮೇಷ್ಟ್ರು ಹೇಳಿದ್ದು ಖರೇ ಐತ್ರಿ. ನಮ್ಮ ಮನ್ಯಾಗ ನಾನು ಹೆಂಡತಿ ಇಬ್ಬರ, ನ್ಯೂಸ್ ಮೊಬೈಲ್‌ನ್ಯಾಗ ನೋಡ್ತೀವಿ, ಅದಕ್ಕ ನಮಗ ತ್ರಾಸ ಆಗಿಲ್ಲ. ಹಿರಿಯರು ಇರೋ ಮನಿಗೆ ನನ್ನ ಮಾತು ವಾಪಸ್ ತಗೋತೀನಿ, 65 ಇಂಚು ಮಿನಿ ಎಲ್‌ಇಡಿನ ತಗೋರಿ.

ತುಂಗಾತೀರ_ಪ್ಲೇಯರ್:

ಎಲ್ಲರಿಗೂ ತುಂಬಾ ಥ್ಯಾಂಕ್ಸ್, ಇಷ್ಟು ಬಿಡಿಸಿ ಯಾರೂ ಹೇಳಿರ್ಲಿಲ್ಲ. ನಿನ್ನೆ ಹಳೇ ನ್ಯೂಸ್‌ಪೇಪರ್ ಅಂಟಿಸಿ 65 ಇಂಚಿನ ಅಳತೆ ಗೋಡೆ ಮೇಲೆ ಮಾಡಿ ನೋಡಿದೆ, ಅಗಲ 144 ಸೆಂಟಿಮೀಟರ್ ಬರುತ್ತೆ, ಹತ್ತಡಿಗೆ ದೊಡ್ಡದು ಅನ್ನಿಸ್ಲಿಲ್ಲ, ಅಪ್ಪ ಕೂಡ ಕೂತು ನೋಡಿ "ಸರಿಯಾಗಿದೆ" ಅಂದ್ರು. ಇವತ್ತು ಪಿಎಸ್5 ನ ಬ್ಯಾಗಲ್ಲಿ ಹಾಕ್ಕೊಂಡೇ ಅಂಗಡಿಗೆ ಹೋದೆ, ಮ್ಯಾನೇಜರ್ ಒಪ್ಪಿದ್ರು. ಒಂದು ಮಿನಿ ಎಲ್‌ಇಡಿಗೆ ಹಾಕಿದ್ರೆ ವಿಡಿಯೋ ಔಟ್‌ಪುಟ್ ಇನ್‌ಫರ್ಮೇಶನ್ ಪೇಜಲ್ಲಿ 120 ಹರ್ಟ್ಜ್ ಬರ್ತಾನೇ ಇಲ್ಲ, ಸೇಲ್ಸ್ ಹುಡುಗ ಇದು 120 ದೇ ಸರ್ ಅಂತಾನೆ. ಪ್ಯಾನೆಲ್ ಸರಿಯಿಲ್ವಾ, ಕೇಬಲ್ಲಾ?

ಜಯನಗರ_4ಕೆ:

ಮೂರು ಕಾರಣ ಇರಬಹುದು ಗುರು. ಒಂದು, ಎಲ್ಲ ಪೋರ್ಟೂ ಒಂದೇ ಅಲ್ಲ, ನಾಲ್ಕರಲ್ಲಿ ಎರಡಕ್ಕೆ ಮಾತ್ರ 4ಕೆ 120 ಇರುತ್ತೆ ಕೆಲವು ಟಿವಿಲಿ, ಪೋರ್ಟ್ ಪಕ್ಕ ಚಿಕ್ಕದಾಗಿ ಬರೆದಿರುತ್ತೆ, ಟಾರ್ಚ್ ಹಾಕಿ ನೋಡು. ಅದರಲ್ಲೂ ಒಂದು ಇಎಆರ್‌ಸಿ (ಟಿವಿಯ ಸೌಂಡ್ ಹೊರಗೆ ಕಳಿಸೋ) ಪೋರ್ಟ್ ಆಗಿದ್ರೆ ಮುಂದೆ ಸೌಂಡ್‌ಬಾರ್ ಹಾಕಿದಾಗ ಅದು ಹೋಯ್ತು, ಒಂದೇ ಉಳಿಯುತ್ತೆ. ಎರಡು, ಟಿವಿ ಸೆಟ್ಟಿಂಗಲ್ಲಿ ಎಚ್‌ಡಿಎಂಐ ಫಾರ್ಮ್ಯಾಟ್ ಸ್ಟ್ಯಾಂಡರ್ಡ್ ಅಂತ ಇರುತ್ತೆ, ಅದನ್ನ ಎನ್‌ಹ್ಯಾನ್ಸ್ಡ್ ಮಾಡಬೇಕು. ಮೂರು, ಕೇಬಲ್, ಪಿಎಸ್5 ಜೊತೆ ಬಾಕ್ಸಲ್ಲಿ ಬಂದಿದ್ದೇ ಹಾಕು, ಅದು ಅಲ್ಟ್ರಾ ಹೈ ಸ್ಪೀಡ್ ಕೇಬಲ್. ಪಿಎಸ್5 ಸೆಟ್ಟಿಂಗಲ್ಲೂ 120 ಹರ್ಟ್ಜ್ ಔಟ್‌ಪುಟ್ ಆಟೋಮ್ಯಾಟಿಕ್ ಇರಬೇಕು, ಆಮೇಲೆ 120 ಸಪೋರ್ಟ್ ಮಾಡೋ ಗೇಮ್ ಒಳಗೆ ಹೋಗಿ ನೋಡ್ಬೇಕು, ಹೋಮ್ ಸ್ಕ್ರೀನಲ್ಲಿ 60 ಅಂತಾನೇ ತೋರಿಸುತ್ತೆ.

ತುಂಗಾತೀರ_ಪ್ಲೇಯರ್:

ಪೋರ್ಟೇ! ಹುಡುಗ 1 ಕ್ಕೆ ಹಾಕಿದ್ದ, 3 ಕ್ಕೆ ಹಾಕಿ ಎನ್‌ಹ್ಯಾನ್ಸ್ಡ್ ಮಾಡಿ ಗೇಮ್ ಒಳಗೆ ಹೋದ್ಮೇಲೆ 3840 ಗುಣಿಸು 2160, 120 ಹರ್ಟ್ಜ್ ಅಂತ ಬಂತು. ಅಂಗಡೀಲೇ ಅರ್ಧ ಮ್ಯಾಚ್ ಆಡಿದೆ, ಪಾಸ್ ಒತ್ತಿದ ಕ್ಷಣಕ್ಕೇ ಹೋಗ್ತಿದೆ. 65 ಇಂಚು, 88 ಸಾವಿರ, ತಿರುಗೋ ಬ್ರಾಕೆಟ್ ಅವರೇ ಹಾಕಿಕೊಡ್ತಾರೆ. ಶನಿವಾರ ಡೆಲಿವರಿ.

ಪ್ಯಾನೆಲ್_ಮೇಷ್ಟ್ರು:

ಸಂತೋಷ. ಡೆಲಿವರಿ ಹುಡುಗರು ಇರುವಾಗಲೇ ಬಾಕ್ಸ್ ಬಿಚ್ಚಿಸಿ, ಪ್ಲಗ್ ಹಾಕಿ ಬಿಳಿ ಪರದೆ ಒಂದ್ಸಲ ಕಪ್ಪು ಪರದೆ ಒಂದ್ಸಲ ನೋಡಿ, ವಿಡಿಯೋ ಮಾಡಿಟ್ಕೊಳ್ಳಿ, ಆಮೇಲೇ ಸೈನ್ ಹಾಕಿ. ಬಾಕ್ಸ್ ಕಡೇಪಕ್ಷ ಹದಿನೈದು ದಿನ ಅಟ್ಟದ ಮೇಲಿರಲಿ.