ಸಹಾಯ ಬೇಕು: ಜೊತೆಗೆ ಬದಲಾಗಬೇಕಾದ ಫೈಲ್‌ಗಳನ್ನು ತಾನಾಗಿಯೇ ಸೂಚಿಸುವ ಟೂಲ್

ಎಲ್ಲರಿಗೂ ನಮಸ್ಕಾರ. ನಮ್ಮದು ಹಳೇ ಜಾವಾ ಪ್ರಾಜೆಕ್ಟ್. ಡೇಟಾಬೇಸ್‌ನ ಒಂದು ಟೇಬಲ್‌ಗೆ ಹೊಸ ಕಾಲಂ ಸೇರಿಸಿದರೆ ಎಂಟಿಟಿ ಕ್ಲಾಸ್ (ಆ ಟೇಬಲ್ಲಿಗೆ ಸರಿಹೊಂದುವ ಜಾವಾ ಕೋಡ್), ಎಸ್‌ಕ್ಯೂಎಲ್ ಸ್ಕ್ರಿಪ್ಟ್, ರಿಪೋರ್ಟಿನ ಎಕ್ಸ್‌ಎಂಎಲ್ ಮೂರನ್ನೂ ಮುಟ್ಟಬೇಕು. ಹೊಸದಾಗಿ ಸೇರಿದವರು ಎಕ್ಸ್‌ಎಂಎಲ್ ಬಿಟ್ಟುಬಿಡುತ್ತಾರೆ. ಪಾಪ, ಅವರಿಗೆ ಹೇಳುವವರು ಯಾರು? ಕಂಪೈಲರ್ ತುಟಿ ಬಿಚ್ಚುವುದಿಲ್ಲ, ಟೆಸ್ಟ್ ಪಾಸ್ ಆಗುತ್ತದೆ, ರಿಪೋರ್ಟಿನಲ್ಲಿ ಆ ಕಾಲಂ ಮಾತ್ರ ಖಾಲಿ.

'ಇದನ್ನು ಬದಲಿಸಿದವರು ಅದನ್ನೂ ಬದಲಿಸಿದ್ದಾರೆ' ಅಂತ ಹಳೇ ಕಮಿಟ್‌ಗಳಿಂದಲೇ (ಒಮ್ಮೆಗೆ ಸೇರಿಸಿ ಉಳಿಸಿದ ಬದಲಾವಣೆಗಳ ದಾಖಲೆಗಳಿಂದ) ಹೇಳಬಹುದು ಅಲ್ವಾ? 2004ರಲ್ಲೇ ಜರ್ಮನಿಯ ಸಂಶೋಧಕರು ಕೋಡ್ ಬರೆಯಲು ಬಳಸುವ ಎಕ್ಲಿಪ್ಸ್ ತಂತ್ರಾಂಶಕ್ಕೆ ರೋಸ್ ಎಂಬ ಪ್ಲಗಿನ್ ಮಾಡಿ ಇದನ್ನು ತೋರಿಸಿದ್ದರು. ನನಗೆ ತುಂಬಾ ಹಿಡಿಸಿದ ಕೆಲಸ ಅದು.

ನಾನೂ ಗಿಟ್ ಲಾಗ್‌ನಿಂದ (ಕಮಿಟ್‌ಗಳ ಪಟ್ಟಿಯಿಂದ) ಒಟ್ಟಿಗೆ ಬದಲಾದ ಫೈಲ್ ಜೋಡಿಗಳನ್ನು ಎಣಿಸುವ ಪೈಥಾನ್ ಸ್ಕ್ರಿಪ್ಟ್ ಬರೆದಿದ್ದೇನೆ. ಆದರೆ ಯಾವ ಫೈಲ್ ಕೊಟ್ಟರೂ ಪಾಮ್ ಡಾಟ್ ಎಕ್ಸ್‌ಎಂಎಲ್ (ಪ್ರಾಜೆಕ್ಟ್ ಬಿಲ್ಡ್ ಮಾಡುವ ಮೇವನ್ ಟೂಲ್‌ನ ಸೆಟ್ಟಿಂಗ್ ಫೈಲ್) ಪಟ್ಟಿಯ ಮೇಲೆ ಬಂದು ಕೂರುತ್ತದೆ. ಸುಮ್ನೆ ಫಾರ್ಮ್ಯಾಟ್ ಮಾಡಿದ ದೊಡ್ಡ ಕಮಿಟ್‌ಗಳು ಇಲ್ಲದ ನಂಟು ಹುಟ್ಟಿಸುತ್ತವೆ. 30 ಫೈಲ್‌ಗಿಂತ ಜಾಸ್ತಿ ಇರುವ ಕಮಿಟ್ ಬಿಟ್ಟ ಮೇಲೆ ಸ್ವಲ್ಪ ವಾಸಿ. ಹೆಸರು ಬದಲಾದ ಫೈಲ್‌ಗಳ ಹಳೇ ಇತಿಹಾಸ ಮಾತ್ರ ಕೈತಪ್ಪುತ್ತಿದೆ.

ಸಪೋರ್ಟ್ (ಎರಡು ಫೈಲ್ ಎಷ್ಟು ಸಲ ಒಟ್ಟಿಗೆ ಬದಲಾಗಿವೆ), ಕಾನ್ಫಿಡೆನ್ಸ್ (ಒಂದು ಬದಲಾದಾಗ ಶೇಕಡಾ ಎಷ್ಟು ಸಲ ಇನ್ನೊಂದೂ ಬದಲಾಗಿದೆ) ಇವುಗಳ ಮಿತಿ ಎಷ್ಟಿಟ್ಟರೆ ಒಳ್ಳೆಯದು? ಇಂಥ ಇತಿಹಾಸವನ್ನು ವಿಶ್ಲೇಷಿಸುವ ಕೋಡ್ ಮಾಟ್ ಟೂಲ್ ಬಳಸಿದವರು ಇದ್ದೀರಾ? ಸೂಚನೆಯನ್ನು ಪ್ರೀ-ಕಮಿಟ್ ಹುಕ್‌ನಲ್ಲಿ (ಕಮಿಟ್‌ಗೆ ಮುಂಚೆ ತಾನಾಗಿ ಓಡುವ ಸ್ಕ್ರಿಪ್ಟ್) ತೋರಿಸಲೋ, ಬೇರೆಯವರು ಕೋಡ್ ಪರಿಶೀಲಿಸುವ ರಿವ್ಯೂ ಹಂತದಲ್ಲೋ? ಮಾಡಿ ನೋಡಿದವರು ದಯವಿಟ್ಟು ತಿಳಿಸಿ.