ಹಾಸನ ಸೀಮೆಯ ಹಳೇ ರೈಲು, ಹಳೇ ಗುಡಿ: ಎಲ್ಲಿಂದ ಶುರು ಮಾಡಲಿ?

ಕೇಳಿದವರು: ಆಗಸ್ಟ್‌ನಲ್ಲಿ ಎರಡು ದಿನ, ಬೆಂಗಳೂರಿಂದ ರೈಲಲ್ಲೇ. ಜೊತೆಗೆ ಹತ್ತು ವರ್ಷದ ಮಗ, ಮೊಣಕಾಲು ನೋವಿರೋ ಅಮ್ಮ. ಗೊತ್ತಿದ್ದವರು ಹೇಳಿ.

ಘಟ್ಟದಹುಳ: ಸಕಲೇಶಪುರ–ಸುಬ್ರಹ್ಮಣ್ಯ ರೋಡ್, ಹಗಲು ಗಾಡಿ. ಬೇರೆ ಮಾತೇ ಇಲ್ಲ. 55 ಕಿ.ಮೀ.ಗೆ 57 ಸುರಂಗ, 109 ಸೇತುವೆ. 50 ಮೀಟರ್‌ಗೆ ಒಂದು ಮೀಟರ್ ಇಳಿಜಾರು, ಗಾಡಿ ತೆವಳುತ್ತೆ, ಎರಡೂವರೆ ಗಂಟೆ ಇಟ್ಕೊಳ್ಳಿ. ವಿಸ್ಟಾಡೋಮ್‌ಗೆ (ಗಾಜಿನ ಚಾವಣಿ ಬೋಗಿ) ದುಡ್ಡು ಸುರೀಬೇಡಿ, ಮಳೇಲಿ ಗಾಜೆಲ್ಲ ಮಂಜು. ಸೆಕೆಂಡ್ ಸಿಟಿಂಗ್ ಕಿಟಕಿ ಸಾಕು.

ಜಂಕ್ಷನ್‌ಕಾಯಿ: 1979ರ ಈ ಘಟ್ಟದ ಲೈನು ನಿಮಗೆ ಪರಂಪರೆನಾ? ಅದರ ಮೀಟರ್ ಗೇಜ್ (ಒಂದು ಮೀಟರ್ ಅಗಲದ) ಹಳಿಯನ್ನೂ ಕಿತ್ತು, ಅಗಲ ಹಳಿ ಹಾಕಿ ಪ್ಯಾಸೆಂಜರ್ ಗಾಡಿ ಮತ್ತೆ ಬಿಟ್ಟಿದ್ದು 2007ರಲ್ಲಿ. ಹಳೇದು ಬೇಕಂದ್ರೆ ಅರಸೀಕೆರೆಯಲ್ಲಿ ಇಳೀರಿ. ಬೆಂಗಳೂರು–ಹುಬ್ಬಳ್ಳಿ ಲೈನು 19ನೇ ಶತಮಾನದ್ದು. ಊರಲ್ಲೇ 1220ರ ಸುಮಾರಿನ ಶಿವಾಲಯ ಇದೆ: ನಕ್ಷತ್ರಾಕಾರದ ಮಂಟಪ, ಮೇಲೆ ಗುಮ್ಮಟದಂಥ ಚಾವಣಿ. ಪಕ್ಕದ ಹಲವುಕಲ್ಲು ದೇವಸ್ಥಾನಾನೂ ನೋಡಿ. ಮಧ್ಯಾಹ್ನ ಹೋದ್ರೆ ಬೀಗ, ಬೆಳಿಗ್ಗೆಯೇ ಮುಗಿಸಿ. ಹತ್ತಿರದಲ್ಲೇ ಹೊಯ್ಸಳರ ಗುಡಿಗಳಿರೋ ಹಾರನಹಳ್ಳಿಗೆ ಆಟೋ ಹೋಗಿಬರಲು 600 ಕೊಟ್ಟೆ, ಕಾದದ್ದಕ್ಕೆ ಮತ್ತೆ 150 ಕೇಳಿದ್ರು. ಕಾಯೋ ದುಡ್ಡು ಸೇರಿಸಿ ಹತ್ತೋಕ್ ಮುಂಚೆನೇ ಮಾತಾಡಿ.

ಘಟ್ಟದಹುಳ: ಇಸವಿ ಎಣಿಸೋರು ಒಂದ್ಸಲ ಈ ಘಟ್ಟದ ಲೈನಿನ ಎಡಕುಮೇರಿ ಸೇತುವೆ ಮೇಲೆ ನಿಂತು ನೋಡ್ಲಿ.

ಹಳಿಬಿಟ್ಟವ: ಮಗು ಕರ್ಕೊಂಡು ಬರೋರಿಗೆ ಹೇಳೋ ಮಾತಾ ಇದು? ಹಳಿ ಮೇಲೆ ನಡೆದ್ರೆ ರೈಲ್ವೆ ಕಾಯ್ದೆ 147: ಆರು ತಿಂಗಳವರೆಗೆ ಜೈಲು, ಇಲ್ಲಾ 1000 ರೂ.ವರೆಗೆ ದಂಡ, ಇಲ್ಲಾ ಎರಡೂ. ಆಗಸ್ಟ್‌ನಲ್ಲಿ ಗಾಡಿ ಓಡೋದೇ ಗ್ಯಾರಂಟಿ ಇಲ್ಲ. 2024ರ ಜುಲೈ ಕೊನೆಗೆ ಎಡಕುಮೇರಿ–ಕಡಗರವಳ್ಳಿ ಮಧ್ಯೆ ಗುಡ್ಡ ಕುಸಿದು ದಿನಗಟ್ಟಲೆ ಬಂದ್. ವಾಪಸ್ಸಿಗೆ ಬಸ್ಸಿನ ದುಡ್ಡು ಎತ್ತಿಟ್ಕೊಳ್ಳಿ.

ಕಾಫಿಗಿಡ: ಪಕ್ಕದ ಚಿಕ್ಕಮಗಳೂರು ಜಿಲ್ಲೆಯ ಹಳೇ ತರೀಕೆರೆ–ನರಸಿಂಹರಾಜಪುರ ಟ್ರಾಮು ಯಾರಿಗೂ ನೆನಪಿಲ್ವಾ? ಎರಡಡಿ ಅಗಲದ ಹಳಿ!

ಜಂಕ್ಷನ್‌ಕಾಯಿ: ಇಲ್ಲದ ಹಳಿ ನೋಡೋಕೆ ಟಿಕೆಟ್ ಎಲ್ಲಿ ಕೊಡ್ತಾರೆ? ಚಿಕ್ಕಮಗಳೂರು ಪೇಟೆಗೆ ಗಾಡಿ ಬಂದಿದ್ದೇ 2013ರಲ್ಲಿ, ಅದೂ ಕಡೂರಿಂದ.

ಕಾಫಿಗಿಡ: ಬೀರೂರು–ಶಿವಮೊಗ್ಗ ಲೈನು 1899ರದ್ದು, ಬೀರೂರು ಯಾವ ಜಿಲ್ಲೆ ಅಂತ ನೋಡ್ಕೊಂಡು ಮಾತಾಡಿ.

ಕೇಳಿದವರು: ಸಕಲೇಶಪುರದ ಹತ್ತಿರದ ಮಂಜರಾಬಾದ್ ಕೋಟೆಗೆ ಅಮ್ಮ ಹತ್ತಬಹುದಾ?

ಹಳಿಬಿಟ್ಟವ: ಬೇಡ. ಮೆಟ್ಟಿಲು 250ರ ಆಸುಪಾಸು, ಮಳೇಲಿ ಪಾಚಿ ಜಾರುತ್ತೆ. ಮಗನ್ನ ಕರ್ಕೊಂಡು ಹೋಗಿ. ಟಿಪ್ಪು ಕಟ್ಟಿಸಿದ್ದು, ಎಂಟು ಮೂಲೆ ನಕ್ಷತ್ರ, ಒಳಗೆ ಸಿಡಿಮದ್ದಿನ ಕೋಣೆ. ಟಾರ್ಚ್ ಒಯ್ಯಿರಿ.

ಘಟ್ಟದಹುಳ: ಅಮ್ಮನ್ನ ಕಿಟಕಿ ಪಕ್ಕ ಕೂರಿಸಿ ಅಂತ ಮೊದಲೇ ಹೇಳಿದ್ದೆ.